ಬೆನ್ನ ಹಿಂದಿನ ಗೋಲು

2025ರ ಸೆಪ್ಟೆಂಬರ್ ಕೊನೆಯ ವಾರ. ಮಗಳನ್ನು ಐಸ್ ಹಾಕಿ ಪ್ರಾಕ್ಟೀಸಿಗೆ ಬಿಡಲು ಹೋದಾಗ ಅವಳ ಗೋಲ್‌ಕೀಪಿಂಗ್ ಕೋಚ್ ರಿಂಕಿನ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ ಹಿರಿಯರು. ಮಕ್ಕಳು ಬರುವಷ್ಟರಲ್ಲಿ ಐಸಿನ ಮೇಲೆ ನಾಲ್ಕು ಸುತ್ತು ಹಾಕಿ ಮುಗಿಸಿರುತ್ತಿದ್ದವರು, ಅವತ್ತು ಸ್ಕೇಟಿನ ಲೇಸು ಕೂಡ ಕಟ್ಟಿರಲಿಲ್ಲ. ತೊಡೆಯ ಮೇಲೆ ಒಂದು ಹಳೇ ಕಾರ್ ಸ್ಟಿಕ್ಕರ್. ಅಂಟು ಒಣಗಿ, ಅಂಚು ಹಳದಿಗಟ್ಟಿ, ನಡುವೆ ಮಡಿಕೆ ಬಿದ್ದಿತ್ತು. "ಬರ್ನಿ ಹೋಗಿಬಿಟ್ಟರು," ಅಂದರು. ಮನೆಯವರು ಯಾರೋ ತೀರಿಕೊಂಡರೆ ಹೇಳುವ ದನಿಯಲ್ಲೇ ಹೇಳಿದ್ದರಿಂದ ನಾನು ಅವರ ತಮ್ಮನೋ ಗೆಳೆಯನೋ ಇರಬೇಕು ಅಂದುಕೊಂಡೆ. ಆಮೇಲೆ ಸ್ಟಿಕ್ಕರ್ ಓದಿದೆ. ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ಬರ್ನಿ ಪರೆಂಟ್‌ಗಿಂತ ಹೆಚ್ಚು ಕಾಯುವವನು ದೇವರೊಬ್ಬನೇ.

ಎಪ್ಪತ್ತರ ದಶಕದಲ್ಲಿ ಫಿಲಡೆಲ್ಫಿಯಾದ ಕಾರುಗಳ ಹಿಂಭಾಗದಲ್ಲಿ ಈ ಸ್ಟಿಕ್ಕರ್ ಓಡಾಡುತ್ತಿತ್ತು. ಬರ್ನಿ ಆಗ ಆ ಊರಿನ ಐಸ್ ಹಾಕಿ ತಂಡದ ಗೋಲ್‌ಕೀಪರ್. ಇಂಗ್ಲಿಷಿನಲ್ಲಿ ಗೋಲು ತಡೆಯುವುದಕ್ಕೂ ದೇವರು ಉದ್ಧರಿಸುವುದಕ್ಕೂ ಒಂದೇ ಕ್ರಿಯಾಪದ. ನಮ್ಮಲ್ಲಿ ಆ ಮಾತು ಇನ್ನೂ ಸಲೀಸು. ದೇವರು ಕಾಯುತ್ತಾನೆ, ದನ ಕಾಯುತ್ತೇವೆ, ಕಾಡುಹಂದಿ ಬರದ ಹಾಗೆ ಅಟ್ಟಣೆಯ ಮೇಲೆ ಕೂತು ರಾತ್ರಿಯೆಲ್ಲ ಗದ್ದೆ ಕಾಯುತ್ತಿದ್ದ ಅಜ್ಜಂದಿರನ್ನು ನೋಡಿದ್ದೇವೆ. ಗೋಲನ್ನೂ ಕಾಯುತ್ತಾರೆ.

ನಾವಿರುವುದು ಫಿಲಡೆಲ್ಫಿಯಾದಿಂದ ಡೆಲಾವೇರ್ ನದಿ ದಾಟಿದರೆ ಸಿಗುವ ನ್ಯೂಜೆರ್ಸಿ ಕಡೆ. ಐಸ್ ಹಾಕಿ ಎಂದರೆ ಏನೆಂದೇ ಗೊತ್ತಿಲ್ಲದೆ ಬಂದವರು ನಾವು. ಮಗಳು ಒಂಬತ್ತನೇ ವಯಸ್ಸಿಗೆ ಸ್ಕೇಟ್ ಕಲಿತಳು, ಹತ್ತಕ್ಕೆ ಗೋಲಿಯಾಗಬೇಕೆಂದು ಹಟ ಹಿಡಿದಳು. ಇಲ್ಲಿ ಗೋಲ್‌ಕೀಪರ್‌ಗೆ ಗೋಲಿ ಅಂತಲೇ ಅನ್ನುವುದು. ಅವಳು ಮೊದಲ ಸಲ ಹಾಗೆ ಹೇಳಿದಾಗ ನನ್ನ ಕಣ್ಣಿಗೆ ಬಂದದ್ದು ಮಣ್ಣಿನಲ್ಲಿ ತೋಡಿದ ಗುಳಿ, ಜೇಬಿನಲ್ಲಿ ಕಿಣಿಗುಟ್ಟುವ ಗಾಜಿನ ಗೋಲಿಗಳು. ಹಾಸನದಿಂದ ವೀಡಿಯೋ ಕಾಲ್ ಮಾಡಿದ ನಮ್ಮಮ್ಮ ಮೊಮ್ಮಗಳ ಮಾಸ್ಕ್ ನೋಡಿ, "ಅದೇನೇ, ಮಗು ಮುಖಕ್ಕೆ ಪಂಜರ ಹಾಕಿದೀಯಲ್ಲೇ?" ಅಂತ ಗಾಬರಿಯಾದರು. ಪಂಜರವೇ ಹೌದು. ಆ ಪಂಜರ ಹೇಗೆ ಬಂತು ಎನ್ನುವುದರಲ್ಲೇ ಬರ್ನಿ ಪರೆಂಟ್ ಅವರ ಬದುಕಿನ ಅರ್ಧ ಕಥೆ ಇದೆ ಎಂದು ನನಗೆ ಆಗ ತಿಳಿದಿರಲಿಲ್ಲ.

ಗೋಲು ಕಾಯುವುದರಲ್ಲಿ ಒಂದು ವಿಚಿತ್ರ ಉಂಟು. ಕಾಯಬೇಕಾದ್ದು ಯಾವಾಗಲೂ ಬೆನ್ನ ಹಿಂದೆ ಇರುತ್ತದೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಆ ಚೌಕಟ್ಟನ್ನು ಗೋಲಿ ಆಟದುದ್ದಕ್ಕೂ ತಿರುಗಿ ನೋಡುವ ಹಾಗಿಲ್ಲ. ಒಂದಿಂಚು ದಪ್ಪ, ಮೂರಿಂಚು ಅಗಲದ, ಫ್ರೀಜರಿನಲ್ಲಿಟ್ಟು ಕಲ್ಲಾಗಿಸಿದ ರಬ್ಬರಿನ ಬಿಲ್ಲೆ ಎದುರಿನಿಂದ ಬರುತ್ತದೆ. ಅದನ್ನು ಪಕ್ ಅನ್ನುತ್ತಾರೆ. ಕಣ್ಣು ಅದರ ಮೇಲೆ, ಮನಸ್ಸು ಹಿಂದಿನ ಎರಡು ಕಂಬಗಳ ಮೇಲೆ. ಮಗಳು ಆಗಾಗ ಸ್ಟಿಕ್ಕಿನಿಂದ ಎಡಕಂಬಕ್ಕೊಮ್ಮೆ, ಬಲಕಂಬಕ್ಕೊಮ್ಮೆ ತಟ್ಟುವುದನ್ನು ಕಂಡು ಮೊದಮೊದಲು ಅದೊಂದು ಅಭ್ಯಾಸ, ದೃಷ್ಟಿ ತೆಗೆಯುವ ಥರದ್ದು ಅಂದುಕೊಂಡಿದ್ದೆ. ತಾನು ಎಲ್ಲಿ ನಿಂತಿದ್ದೇನೆ ಎಂದು ಅವಳು ತಿಳಿದುಕೊಳ್ಳುವ ದಾರಿಯೇ ಅದು.

ಒಂದು ಸಂಜೆ ಕೋಚ್ ಎರಡು ಹಗ್ಗ ತಂದರು. ಒಂದೊಂದು ಕಂಬದ ಬುಡಕ್ಕೂ ಒಂದೊಂದು ಕಟ್ಟಿ, ಎರಡರ ತುದಿಯನ್ನೂ ಇಪ್ಪತ್ತು ಅಡಿ ದೂರದಲ್ಲಿಟ್ಟ ಪಕ್ಕಿನ ಹತ್ತಿರ ಸೇರಿಸಿದರು. ಐಸಿನ ಮೇಲೆ ಉದ್ದನೆಯ ತ್ರಿಕೋನವಾಯಿತು. ಮಗಳನ್ನು ಗೋಲಿನ ಗೆರೆಯ ಮೇಲೆ ನಿಲ್ಲಿಸಿ, ನನ್ನನ್ನು ಪಕ್ ಇದ್ದಲ್ಲಿ ಕುಕ್ಕರಗಾಲಲ್ಲಿ ಕೂರಲು ಹೇಳಿದರು. ಅಲ್ಲಿಂದ ನೋಡಿದರೆ ಅವಳ ಎರಡೂ ಪಕ್ಕ ಬೇಕಾದಷ್ಟು ಖಾಲಿ ಜಾಗ. ಎಲ್ಲಿ ಹೊಡೆದರೂ ಗೋಲು. "ಈಗ ಬಾ," ಅಂದರು. ಅವಳು ಒಂದೊಂದೇ ಗೇಣು ಮುಂದೆ ಜಾರಿದಳು. ಹಗ್ಗಗಳು ಎರಡೂ ಕಡೆಯಿಂದ ಅವಳ ಹತ್ತಿರ ಹತ್ತಿರ ಬಂದು ಕೊನೆಗೆ ಪ್ಯಾಡಿಗೆ ತಾಗಿದವು. ನನ್ನ ಕಣ್ಣೆದುರೇ ನೆಟ್ ಮಾಯವಾಯಿತು. ಬರೀ ಮಗಳು. ಹಾಗಂತ ಇನ್ನೂ ಮುಂದೆ ಬಂದರೆ ಎದುರಾಳಿ ಪಕ್ಕದಿಂದ ನುಸುಳಿ ಖಾಲಿ ನೆಟ್ಟಿಗೆ ಹೊಡೆಯುತ್ತಾನೆ. ಎಷ್ಟು ಮುಂದೆ ಬಂದರೆ ಸಾಕು ಎನ್ನುವ ಅಂದಾಜಿನಲ್ಲೇ ಅರ್ಧ ವಿದ್ಯೆ ಇದೆ.

"ಇದನ್ನು ಲೆಕ್ಕದಂತೆ ಕೂತು ಯೋಚಿಸಿದವರು ಪ್ಲಾಂಟ್. ಬರ್ನಿಗೆ ಹೇಳಿಕೊಟ್ಟವರೂ ಅವರೇ," ಅಂದರು ಕೋಚ್.

ಜಾಕ್ ಪ್ಲಾಂಟ್ ಕೆನಡಾದ ಕ್ವಿಬೆಕ್‌ನವರು, 1929ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಅಸ್ತಮಾ. ಹೆಚ್ಚು ಹೊತ್ತು ಸ್ಕೇಟ್ ಮಾಡಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಗೋಲಿಗೆ ಬಂದು ನಿಂತರು. ಮಾಂಟ್ರಿಯಲ್ ಕೆನೇಡಿಯನ್ಸ್ ತಂಡಕ್ಕೆ ಆಡಿ, ಉತ್ತರ ಅಮೆರಿಕದ ದೊಡ್ಡ ಹಾಕಿ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಅನ್ನು ಆರು ಸಲ ಗೆದ್ದರು. ತಮ್ಮ ಉಣ್ಣೆ ಟೋಪಿಯನ್ನು ತಾವೇ ಹೆಣೆದುಕೊಳ್ಳುತ್ತಿದ್ದರಂತೆ. ಆಗೆಲ್ಲ ಗೋಲಿಗಳು ಬರಿಮುಖದಲ್ಲಿ ನಿಲ್ಲುತ್ತಿದ್ದರು. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಎದುರಾಳಿ ತಂಡದ ಆಂಡಿ ಬಾತ್‌ಗೇಟ್ ಹೊಡೆದ ಪಕ್ ಅವರ ಮುಖಕ್ಕೆ ಬಡಿದು ಚರ್ಮ ಹರಿಯಿತು. ತಂಡಕ್ಕೆ ಇನ್ನೊಬ್ಬ ಗೋಲಿ ಇಟ್ಟುಕೊಳ್ಳುವ ರೂಢಿ ಆಗ ಇರಲಿಲ್ಲ. ಹೊಲಿಗೆ ಹಾಕಿಸಿಕೊಂಡು ಬರುವ ತನಕ ಆಟವೇ ನಿಂತಿತು. ಪ್ರಾಕ್ಟೀಸಿನಲ್ಲಿ ಹಾಕಿಕೊಳ್ಳುತ್ತಿದ್ದ ಫೈಬರ್‌ಗ್ಲಾಸ್ ಮಾಸ್ಕ್ ಕೊಟ್ಟರೆ ಮಾತ್ರ ಐಸಿಗೆ ಇಳಿಯುತ್ತೇನೆ ಎಂದು ಪ್ಲಾಂಟ್ ಪಟ್ಟು ಹಿಡಿದರು. ಕೋಚ್ ಟೋ ಬ್ಲೇಕ್‌ಗೆ ಇಷ್ಟವಿಲ್ಲ. ಬೇರೆ ಗತಿಯೂ ಇಲ್ಲ. ಮಾಸ್ಕ್ ಹಾಕಿಕೊಂಡು ಬಂದು ಆ ಪಂದ್ಯವನ್ನು 3–1ರಿಂದ ಗೆದ್ದರು. ಮಾಸ್ಕ್ ಹಾಕಿದವನು ಹೆದರುಪುಕ್ಕಲ ಎಂದು ಆಡಿಕೊಳ್ಳುತ್ತಿದ್ದ ಕಾಲ ಅದು. ಮುಖ ಉಳಿಸಿಕೊಳ್ಳಲು ಇಷ್ಟು ಧೈರ್ಯ ಬೇಕಾಗಿತ್ತು ಎಂಬುದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬರ್ನಿ ಪರೆಂಟ್ ಹುಟ್ಟಿದ್ದು 1945ರಲ್ಲಿ, ಮಾಂಟ್ರಿಯಲ್‌ನಲ್ಲಿ. ಅವರ ಪಕ್ಕದ ಮನೆಯಲ್ಲಿದ್ದವರು ಪ್ಲಾಂಟ್ ಅವರ ಅಕ್ಕತಂಗಿಯರಲ್ಲಿ ಒಬ್ಬರು. ಪ್ಲಾಂಟ್ ಅಲ್ಲಿಗೆ ಬಂದುಹೋಗುವುದನ್ನು ಹುಡುಗ ಬರ್ನಿ ದೂರದಿಂದ ನೋಡುತ್ತಿದ್ದ. ಮಾತಾಡಿಸುವ ಧೈರ್ಯ ಎಲ್ಲಿಂದ ಬರಬೇಕು? ಮುಂದೆ ಬರ್ನಿ ಬಾಸ್ಟನ್‌ಗೆ ಆಡಿದರು. 1967ರಲ್ಲಿ ಹೊಸದಾಗಿ ಹುಟ್ಟಿದ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡಕ್ಕೆ ಬಂದರು. 1971ರಲ್ಲಿ ಆ ತಂಡ ಅವರನ್ನು ಟೊರಾಂಟೊಗೆ ಕೊಟ್ಟುಬಿಟ್ಟಿತು. ಮನಸ್ಸು ಮುರಿಯುವ ವಿಷಯವೇ. ಆದರೆ ಟೊರಾಂಟೊ ಡ್ರೆಸ್ಸಿಂಗ್ ರೂಮಿನಲ್ಲಿ ಯಾರಿದ್ದರು? ನಲವತ್ತೆರಡು ವರ್ಷವಾದರೂ ಇನ್ನೂ ಆಡುತ್ತಿದ್ದ ಜಾಕ್ ಪ್ಲಾಂಟ್.

ಆ ಕಾಲದಲ್ಲಿ ಗೋಲಿಗಳಿಗೆಂದೇ ಕೋಚ್ ಇರುತ್ತಿದ್ದುದು ತೀರಾ ಅಪರೂಪ. ಮುಖ್ಯ ಕೋಚ್ ಆಗುತ್ತಿದ್ದವರು ಬಹುಪಾಲು ಫಾರ್ವರ್ಡ್, ಡಿಫೆನ್ಸ್ ಆಡಿದವರು. ಗೋಲಿ ಚೆನ್ನಾಗಿ ಆಡಿದರೆ ಬೆನ್ನು ತಟ್ಟುವುದು, ಆಡದಿದ್ದರೆ ಬದಲಾಯಿಸುವುದು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಗೋಲು ಬಿಟ್ಟಿದ್ದು ಯಾಕೆ ಎಂದು ಜತೆಗೆ ಕೂತು ಹುಡುಕುವವರು ಯಾರೂ ಇರಲಿಲ್ಲ. ಪ್ಲಾಂಟ್ ಹುಡುಕಿದರು. ಎಲ್ಲಿ ನಿಂತಿದ್ದೆ, ಭಾರ ಯಾವ ಕಾಲಿನ ಮೇಲಿತ್ತು, ಪಕ್ಕಿಗೆ ನೇರವಾಗಿ ತಿರುಗಿದ್ದೆಯಾ, ಓರೆಯಾಗಿದ್ದೆಯಾ. ತನ್ನದೇ ಜಾಗಕ್ಕೆ ಬರಬಹುದಾದ ಹುಡುಗನಿಗೆ ತನ್ನ ವಿದ್ಯೆಯನ್ನೆಲ್ಲ ಬಿಚ್ಚಿಟ್ಟರಲ್ಲ, ನನಗೆ ಇದೇ ದೊಡ್ಡದು ಅನ್ನಿಸುವುದು. ಅಲ್ಲಿಯವರೆಗೆ ಬರ್ನಿಗೆ ಕೈಕಾಲಿನ ಚುರುಕಿತ್ತು. ಯಾಕೆ ತಡೆದೆ, ಯಾಕೆ ತಡೆಯಲಿಲ್ಲ ಎಂಬುದರ ಅರಿವು ಬಂದದ್ದು ಪ್ಲಾಂಟ್ ಅವರಿಂದ.

1973ರಲ್ಲಿ ಬರ್ನಿ ಫ್ಲೈಯರ್ಸ್‌ಗೆ ವಾಪಸ್ ಬಂದರು. 1973–74ರ ಋತುವಿನಲ್ಲಿ 73 ಪಂದ್ಯ ಆಡಿ 47 ಗೆದ್ದರು. ಹನ್ನೆರಡು ಪಂದ್ಯಗಳಲ್ಲಿ ಒಂದೂ ಗೋಲು ಬಿಡಲಿಲ್ಲ. ಒಂದೇ ಋತುವಿನ 47 ಗೆಲುವಿನ ಆ ದಾಖಲೆ ಮುರಿಯಲು 2007ರವರೆಗೆ ಕಾಯಬೇಕಾಯಿತು. 1974ರ ಮೇ 19ರಂದು ಬಾಸ್ಟನ್ ಎದುರು 1–0. ಹೊಸದಾಗಿ ಹುಟ್ಟಿದ ತಂಡಗಳಲ್ಲಿ ಸ್ಟ್ಯಾನ್ಲಿ ಕಪ್ ಮುಟ್ಟಿದ ಮೊದಲ ತಂಡ ಫ್ಲೈಯರ್ಸ್. ಮರುವರ್ಷ ಬಫಲೊ ಎದುರು ಕೊನೆಯ ಪಂದ್ಯ 2–0. ಕಪ್ ಗೆದ್ದ ಎರಡೂ ಪಂದ್ಯಗಳಲ್ಲಿ ಬರ್ನಿ ಒಂದೂ ಗೋಲು ಬಿಡಲಿಲ್ಲ. ಎರಡೂ ವರ್ಷ ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿ ಅವರಿಗೇ ಹೋಯಿತು.

ಅತ್ತ ಅದೇ 1973–74ರಲ್ಲಿ ಪ್ಲಾಂಟ್ ಇನ್ನೊಂದು ಲೀಗಿನಲ್ಲಿ ಕ್ವಿಬೆಕ್ ನಾರ್ಡಿಕ್ಸ್ ತಂಡದ ಮುಖ್ಯ ಕೋಚ್ ಆದರು. ತಂಡ ಪ್ಲೇಆಫ್ ತಲುಪಲಿಲ್ಲ, ಒಂದೇ ವರ್ಷಕ್ಕೆ ಬಿಟ್ಟರು. ನಲವತ್ತೈದರಲ್ಲಿ ಮತ್ತೆ ಪ್ಯಾಡ್ ಕಟ್ಟಿ ಎಡ್ಮಂಟನ್‌ಗೆ ಆಡಲು ಹೋದರು. ಇಪ್ಪತ್ತು ಜನರನ್ನು ನಡೆಸುವುದು ಬೇರೆ, ಒಬ್ಬನಿಗೆ ಕಲಿಸುವುದು ಬೇರೆ. ಎಪ್ಪತ್ತರ ದಶಕದ ಕೊನೆಗೆ ಫ್ಲೈಯರ್ಸ್ ಅವರನ್ನು ಗೋಲಿಗಳಿಗೆ ಕಲಿಸಲೆಂದೇ ಕರೆಸಿಕೊಂಡಿತು. ಅವರ ನಿಜವಾದ ಜಾಗ ಅದು ಎಂದು ನನ್ನ ಭಾವನೆ.

1975ರ ಫೈನಲ್‌ನ ಮೂರನೇ ಪಂದ್ಯದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬಫಲೊ, ಮೇ ತಿಂಗಳ ಸೆಕೆ. ಸಭಾಂಗಣಕ್ಕೆ ಏರ್ ಕಂಡೀಷನ್ ಇಲ್ಲ. ಕೆಳಗೆ ಐಸು, ಮೇಲೆ ಬಿಸಿಗಾಳಿ, ಸಾವಿರಾರು ಜನರ ಉಸಿರು. ಐಸಿನ ಮೇಲಿನಿಂದ ದಟ್ಟನೆ ಮಂಜು ಏಳತೊಡಗಿತು. ಮಂಜು ಕದಡಲೆಂದು ಆಟ ನಿಲ್ಲಿಸಿ, ಆಟಗಾರರನ್ನು ರಿಂಕಿನ ಸುತ್ತ ಸ್ಕೇಟ್ ಮಾಡಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕವಿಯಿತು. 4–4ರಲ್ಲಿ ಪಂದ್ಯ ಓವರ್‌ಟೈಮಿಗೆ ಹೋಯಿತು. ಬಫಲೊದ ರೆನೆ ರಾಬರ್ಟ್ ಓರೆ ಕೋನದಿಂದ ಹೊಡೆದ ಪಕ್ ಮಂಜಿನಿಂದ ಹೊರಬಂದು ಬರ್ನಿಯ ಕಾಲುಗಳ ನಡುವೆ ಒಳಹೋಯಿತು. ಕಾಣದ್ದನ್ನು ತಡೆಯಲಾಗದು. ಆ ಸಂಜೆಯ ಹಳೆಯ ಚಿತ್ರಗಳಲ್ಲಿ ಸೊಂಟದವರೆಗೆ ಬಿಳಿ ಹೊಗೆ, ಅದರ ಮೇಲೆ ತೇಲುವ ಮುಂಡಗಳು. ಮುಂದೆ ಆದದ್ದು ಗೊತ್ತಿದ್ದು ನೋಡುವಾಗ ಆ ಮಂಜು ಎದೆಗೇ ಇಳಿಯುತ್ತದೆ.

1979ರ ಫೆಬ್ರುವರಿ 17. ತವರಿನ ರಿಂಕು, ಎದುರಿಗೆ ನ್ಯೂಯಾರ್ಕ್ ರೇಂಜರ್ಸ್. ಗೋಲಿನ ಮುಂದೆ ನೂಕುನುಗ್ಗಲು. ಯಾವುದೋ ಸ್ಟಿಕ್ಕಿನ ತುದಿ ಬರ್ನಿಯ ಮಾಸ್ಕಿನ ಬಲಗಣ್ಣಿನ ತೂತಿನೊಳಗೆ ಹೊಕ್ಕಿತು. ಮುಖಕ್ಕೆ ಅಂಟಿಕೊಂಡಂತಿರುವ ಫೈಬರ್‌ಗ್ಲಾಸ್ ಮಾಸ್ಕ್, ನೋಡಲು ಎರಡು ತೂತು. ಪ್ಲಾಂಟ್ ಜಗಳವಾಡಿ ಆಟಕ್ಕೆ ತಂದ ಬಗೆಯದ್ದೇ. ಇಪ್ಪತ್ತು ವರ್ಷ ಎಷ್ಟೋ ಮುಖಗಳನ್ನು ಉಳಿಸಿದ ಮಾಸ್ಕಿನಲ್ಲಿ ಉಳಿದುಹೋಗಿದ್ದ ಸಂದು ಅದೊಂದೇ. ಸ್ವಲ್ಪ ಕಾಲ ಬರ್ನಿಗೆ ಏನೂ ಕಾಣಲಿಲ್ಲ. ಕ್ರಮೇಣ ನೋಟ ಬಂತು, ಆದರೆ ದೂರದ ಅಂದಾಜು ಮರಳಿ ಬರಲಿಲ್ಲ. ಎದುರಿನ ವಸ್ತು ಎಷ್ಟು ಹತ್ತಿರ, ಎಷ್ಟು ವೇಗವಾಗಿ ಹತ್ತಿರವಾಗುತ್ತಿದೆ ಎಂದು ತಿಳಿಯದಿದ್ದರೆ ಗೋಲಿಗೆ ಉಳಿಯುವುದೇನು? ಮೂವತ್ತನಾಲ್ಕಕ್ಕೆ ಆಟ ಮುಗಿಯಿತು. ಅದಾದ ಮೇಲೆ ಗೋಲಿಗಳು ಒಬ್ಬೊಬ್ಬರಾಗಿ ತೂತಿನ ಮಾಸ್ಕ್ ಬಿಟ್ಟು ತಂತಿಯ ಪಂಜರಕ್ಕೆ ಬದಲಾದರು. ನಮ್ಮಮ್ಮ ಗಾಬರಿಯಾದ ಪಂಜರ ಇದೇ.

ಕುಡಿತ ಬರ್ನಿಯ ಬದುಕನ್ನು ಹಿಡಿದುಕೊಂಡದ್ದನ್ನು, ಅದರಿಂದ ಬಿಡಿಸಿಕೊಂಡದ್ದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮುಂಜಾನೆ ಎದ್ದರೆ ಹೋಗಬೇಕಾದ ಜಾಗ ಇಲ್ಲವಾದಾಗ ಮನುಷ್ಯ ಏನಾಗುತ್ತಾನೆ ಎಂಬುದನ್ನು ನಮ್ಮ ಮನೆಗಳಲ್ಲೂ ಕಂಡಿದ್ದೇವೆ. ಕುಡಿತ ಬಿಟ್ಟು, ಅವರು ಫ್ಲೈಯರ್ಸ್ ತಂಡದ ಗೋಲಿ ಕೋಚ್ ಆಗಿ ರಿಂಕಿಗೆ ಮರಳಿದರು. ಅಲ್ಲಿ ಅವರಿಗೆ ಸಿಕ್ಕ ಹುಡುಗ ಪೆಲ್ಲೆ ಲಿಂಡ್‌ಬರ್ಗ್.

ಪೆಲ್ಲೆ ಸ್ಟಾಕ್‌ಹೋಮಿನವನು. ಸಮುದ್ರದ ಆಚೆ ಇದ್ದುಕೊಂಡೇ ಬರ್ನಿಯನ್ನು ಮನಸ್ಸಿನಲ್ಲಿ ಪ್ರತಿಷ್ಠಾಪಿಸಿಕೊಂಡವನು. ಬರ್ನಿಯ ಹಾಗೇ ಬಿಳಿ ಮಾಸ್ಕ್ ಹಾಕಿಕೊಂಡು ಆಡುತ್ತಿದ್ದ. ದ್ರೋಣರ ಮೂರ್ತಿ ಮಾಡಿಕೊಂಡು ಕಲಿತ ಏಕಲವ್ಯನಿಗೆ ದ್ರೋಣರೇ ಬಂದು ಕೈಹಿಡಿದು ಕಲಿಸಿದ್ದರೆ ಹೇಗಿರುತ್ತಿತ್ತು? ಫಿಲಡೆಲ್ಫಿಯಾದಲ್ಲಿ ಹಾಗೇ ಆಯಿತು. 1980ರ ಒಲಿಂಪಿಕ್ಸಿನಲ್ಲಿ ಸ್ವೀಡನ್‌ಗೆ ಕಂಚು ತಂದ ಹುಡುಗ, 1984–85ರಲ್ಲಿ 40 ಪಂದ್ಯ ಗೆದ್ದು, ಶ್ರೇಷ್ಠ ಗೋಲಿಗೆ ಕೊಡುವ ವೆಜಿನಾ ಟ್ರೋಫಿ ಪಡೆದ ಮೊದಲ ಯುರೋಪಿಯನ್ ಆದ. ಅದೇ ಟ್ರೋಫಿಯನ್ನು ಪ್ಲಾಂಟ್ ಏಳು ಸಲ, ಬರ್ನಿ ಎರಡು ಸಲ ಪಡೆದಿದ್ದರು. ತನ್ನ ಕಣ್ಣಿಗೆ ಇನ್ನು ಸಿಗದ ದೂರದ ಅಂದಾಜನ್ನು ಬರ್ನಿ ಇನ್ನೊಬ್ಬನ ಕಣ್ಣಿನಲ್ಲಿ ತಿದ್ದಿ ತೀಡಿದರು ಎಂದು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

1985ರ ನವೆಂಬರ್ 10ರ ನಸುಕು. ಪೆಲ್ಲೆ ಕುಡಿದು ಕಾರು ಓಡಿಸುತ್ತಿದ್ದ. ನ್ಯೂಜೆರ್ಸಿಯ ಸಾಮರ್‌ಡೇಲ್‌ನಲ್ಲಿ ಒಂದು ಪ್ರಾಥಮಿಕ ಶಾಲೆಯ ಮುಂದಿನ ಗೋಡೆಗೆ ಕಾರು ಅಪ್ಪಳಿಸಿತು. ಅವನಿಗೆ 26 ವರ್ಷ. ಜತೆಗಿದ್ದ ಇಬ್ಬರು ಬದುಕಿದರು, ಅವನು ಉಳಿಯಲಿಲ್ಲ. ಅವನ ಅಂಗಾಂಗಗಳನ್ನು ದಾನ ಮಾಡಿದರು. ನವೆಂಬರ್ 14ರಂದು, ಎಡ್ಮಂಟನ್ ಜತೆಗಿನ ಪಂದ್ಯಕ್ಕೆ ಮೊದಲು ರಿಂಕಿನಲ್ಲೇ ಶ್ರದ್ಧಾಂಜಲಿ ನಡೆಯಿತು. ಎದ್ದು ಮಾತಾಡಿದವರಲ್ಲಿ ಬರ್ನಿ ಒಬ್ಬರು.

ಕುಡಿತದಿಂದ ಪಾರಾಗಿ ಬಂದ ಗುರು, ಕುಡಿದು ಸತ್ತ ಶಿಷ್ಯನ ಬಗ್ಗೆ ಸಾವಿರಾರು ಜನರೆದುರು ನಿಂತು ಮಾತಾಡಬೇಕು. ಆ ನಡಿಗೆ ಎಷ್ಟು ಉದ್ದವಿತ್ತೋ. ಎಷ್ಟು ಮುಂದೆ ಬರಬೇಕು, ಎಲ್ಲಿ ನಿಲ್ಲಬೇಕು ಎಂದು ದಿನವೂ ಹೇಳಿಕೊಟ್ಟವರು ಅವರು. ಆ ರಾತ್ರಿ ಆ ರಸ್ತೆಯಲ್ಲಿ ಅವರು ಇರಲಿಲ್ಲ. ನಾವು ಕೂಡ ಮಕ್ಕಳಿಗೆ ಹೆಲ್ಮೆಟ್ಟು, ಪ್ಯಾಡು, ಕತ್ತಿನ ಪಟ್ಟಿ ಎಲ್ಲ ಕಟ್ಟಿ, ಎಳೆದು ನೋಡಿ ಕಳಿಸುತ್ತೇವೆ. ರಿಂಕಿನಿಂದ ಮನೆಗೆ ಬರುವ ದಾರಿ ಸಾಮರ್‌ಡೇಲ್ ಹಾದು ಬರುತ್ತದೆ. ಈ ಕಥೆ ಕೇಳಿದ ಮೇಲೆ ಅಲ್ಲಿ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ.

ಬರ್ನಿ ಕಲಿಸುವುದನ್ನು ಬಿಡಲಿಲ್ಲ. ಮುಂದಿನ ಹುಡುಗ ರಾನ್ ಹೆಕ್ಸ್‌ಟಾಲ್. 1986–87ರಲ್ಲಿ, ತನ್ನ ಮೊದಲ ಋತುವಿನಲ್ಲೇ ವೆಜಿನಾ ಪಡೆದ. ಫೈನಲ್ ಏಳನೇ ಪಂದ್ಯದಲ್ಲಿ ಸೋತರೂ ಕಾನ್ ಸ್ಮೈತ್ ಅವನಿಗೇ ಬಂತು. ಬರ್ನಿಯದು ತಣ್ಣಗೆ ಎದ್ದುನಿಂತು ಆಡುವ ಶೈಲಿ. ಹೆಕ್ಸ್‌ಟಾಲ್ ಬೆಂಕಿ, ನೆಟ್ ಬಿಟ್ಟು ಓಡಾಡುವವನು, ಡಿಫೆನ್ಸಿನವರ ಹಾಗೆ ಪಕ್ ಹೊಡೆಯುವವನು. 1987ರ ಡಿಸೆಂಬರ್‌ನಲ್ಲಿ ತನ್ನ ಗೋಲಿನಿಂದಲೇ ಪಕ್ ಬೀಸಿ ಎದುರಾಳಿಯ ಖಾಲಿ ನೆಟ್ಟಿಗೆ ಹಾಕಿಬಿಟ್ಟ. ಇವನನ್ನು ಹಿಡಿದು ತನ್ನ ಹಾಗೆ ನಿಲ್ಲಿಸಲು ಬರ್ನಿ ಹೋಗಲಿಲ್ಲವಲ್ಲ ಎಂದು ನನಗೆ ಖುಷಿ. ಅಂದ ಹಾಗೆ, ಗೋಲಿಯಾದವನು ನೆಟ್ ಬಿಟ್ಟು ಹಿಂದೆ ಹೋಗಿ ಪಕ್ ನಿಲ್ಲಿಸಿಕೊಡಬಹುದು ಎಂದು ದಶಕಗಳ ಹಿಂದೆ ತೋರಿಸಿಕೊಟ್ಟವರು ಜಾಕ್ ಪ್ಲಾಂಟ್. ಬರ್ನಿಯಲ್ಲಿ ಕಾಣಿಸದೆ ಇದ್ದ ಅಜ್ಜನ ಚಹರೆ ಮೊಮ್ಮಗನಲ್ಲಿ ಎದ್ದು ಬಂದಂತೆ. ಪ್ಲಾಂಟ್ ಅದನ್ನು ನೋಡಲಿಲ್ಲ. 1986ರ ಫೆಬ್ರುವರಿಯಲ್ಲಿ ಜಿನೀವಾದಲ್ಲಿ ತೀರಿಕೊಂಡಿದ್ದರು.

ಅವತ್ತಿನ ಸಂಜೆಗೆ ಮರಳುತ್ತೇನೆ. ಕೋಚ್ ಸ್ಟಿಕ್ಕರನ್ನು ಮಡಿಕೆಯ ಮೇಲೇ ಮಡಚಿ ಜೇಬಿಗಿಟ್ಟುಕೊಂಡು ಸ್ಕೇಟ್ ಕಟ್ಟಿದರು. ನಾನು ಮಗಳ ಮುಂದೆ ಮೊಣಕಾಲೂರಿ ಕೂತು ಪ್ಯಾಡಿನ ಪಟ್ಟಿಗಳನ್ನು ಬಿಗಿದೆ. ಎಷ್ಟು ಒಣಗಿಸಿದರೂ ಹೋಗದ ಬೆವರಿನ ಹುಳಿವಾಸನೆ, ಪಟ್ಟಿಯ ಒರಟು, ಎಲ್ಲ ಈಗ ನನ್ನ ಬೆರಳಿಗೆ ಪರಿಚಯ. ಅವಳು ಐಸಿಗಿಳಿದು ಗೋಲಿನ ಮುಂದಿನ ನುಣುಪನ್ನು ಸ್ಕೇಟಿನ ಅಲಗಿನಿಂದ ಎಡಕ್ಕೂ ಬಲಕ್ಕೂ ಕೆರೆದಳು. ಕಾಲು ಜಾರದಿರಲು ಗೋಲಿಗಳು ಹಾಗೆ ಐಸನ್ನು ತರಿತರಿ ಮಾಡಿಕೊಳ್ಳುತ್ತಾರೆ. ಬಿಳಿ ಪುಡಿ ಎದ್ದು ಕಂಬದ ಬುಡದಲ್ಲಿ ಗುಡ್ಡೆಯಾಯಿತು.

"ಕಣ್ಣು ಮುಚ್ಚು," ಅಂದರು ಕೋಚ್.

ಅವಳು ಮುಚ್ಚಿದಳು. ಅವರು "ಎಡ" ಅಂದಾಗ ಎಡಕ್ಕೆ ಜಾರಿ ಸ್ಟಿಕ್ಕಿನಿಂದ ತಡಕಿದಳು. ಸಿಗಲಿಲ್ಲ, ಗಾಳಿಗೆ ಬೀಸಿದಳು. ಇನ್ನರ್ಧ ಗೇಣು ಜಾರಿ ಮತ್ತೆ ತಡಕಿದಳು. ಟಣ್. "ಬಲ." ಈ ಸಲ ಒಂದೇ ಏಟಿಗೆ ಸಿಕ್ಕಿತು. "ನಡುವೆ. ಎರಡು ಹೆಜ್ಜೆ ಮುಂದೆ." ಅವಳು ಮುಂದೆ ಬಂದು ನಿಂತಳು, ಕಣ್ಣು ಮುಚ್ಚಿಕೊಂಡೇ, ಕೈಗವಸು ಎತ್ತಿ. ಕೋಚ್ ಸುತ್ತು ಹಾಕಿ ಪಕ್ ಇಡುವ ಜಾಗಕ್ಕೆ ಹೋದರು. ಅಲ್ಲಿ ಸೊಂಟ ಹಿಡಿದುಕೊಂಡು ಬಗ್ಗಿ, ಪಂಜರದ ಹಿಂದೆ ಮುಚ್ಚಿದ್ದ ಅವಳ ಕಣ್ಣಿನ ಮಟ್ಟಕ್ಕೆ ಬಂದು, ಅವಳ ಎರಡೂ ಪಕ್ಕದಲ್ಲಿ ಎಷ್ಟು ನೆಟ್ ಕಾಣುತ್ತಿದೆ ಎಂದು ಬಹಳ ಹೊತ್ತು ನೋಡಿದರು.